ಕರೆಂಟು ಬರುವುದರೊಳಗೆ

ಕದಿರಮ್ಮ ಕರುಣೆಯಿಲ್ಲದ ಹೆಂಗಸು. ಇದು ಬೈಗುಳವಲ್ಲ; ದೊಡ್ಡಬಳ್ಳಾಪುರದ ಒಂದು ಗಲ್ಲಿಯ ಮಗ್ಗದ ಶೆಡ್ಡಿನಲ್ಲಿ ಎಲ್ಲರೂ ತಕರಾರಿಲ್ಲದೆ ಒಪ್ಪಿಕೊಂಡಿದ್ದ ಸಂಗತಿ. ಯಾರಾದರೂ ಒಪ್ಪದಿದ್ದರೆ, ಅವರು ಆಕೆಗೆ ಇನ್ನೂ ಕತೆ ಹೇಳಿಲ್ಲವೆಂದು ಅರ್ಥ.

ಪಿಳ್ಳಣ್ಣ ಹೇಳಿದ್ದ. ಅವನು ಆ ಶೆಡ್ಡಿನಲ್ಲಿ ಎರಡು ಪವರ್‌ಲೂಮ್ ಮಗ್ಗ ನೋಡಿಕೊಳ್ಳುವ ನೇಕಾರ. ಎರಡರಲ್ಲಿ ಒಂದು ಹೊಸದು, ಇನ್ನೊಂದು ಹಳೆಯದು. ಹಳೆಯದು ಓಡುವಾಗ ಕುಂಟನ ನಡಿಗೆಯಂತೆ ಒಂದು ಬಡಿತ ಜೋರು, ಒಂದು ಬಡಿತ ಮೆತ್ತಗೆ. ಅವನೆದುರಿಗೆ ಗೋಡೆಯ ಪಕ್ಕ ಕದಿರಮ್ಮನ ಕಂಡಿಕೆ ಯಂತ್ರ; ಅದರ ಕೀಚಲು ಸದ್ದು ಮಗ್ಗಗಳ ಬಡಿತದ ಮೇಲೂ ಗಲ್ಲಿಗೆ ಕೇಳುತ್ತಿತ್ತು. ಲಾಳಿಯೊಳಗೆ ಕೂರುವ ಪುಟ್ಟ ಕಡ್ಡಿಗಳಿಗೆ ನೂಲು ಸುತ್ತಿಕೊಡುವುದು ಆಕೆಯ ಕೆಲಸ. ಒಂದು ಕಾಲಕ್ಕೆ ಆಕೆಯ ಮನೆಯಲ್ಲೇ ಮಗ್ಗಗಳಿದ್ದವು, ಆಕೆಯೇ ಓಡಿಸುತ್ತಿದ್ದಳು. ಗಂಡ ಹೋದ ಮೇಲೆ ಮಾರಿಬಿಟ್ಟಳು. ಮಾರಿದ ದಿನ ಅತ್ತಳೇ ಎಂದು ಯಾರೋ ಕೇಳಿದ್ದಕ್ಕೆ, "ಕೊಂಡವನು ಅತ್ತ, ಮೋಟಾರು ಕೆಟ್ಟಿತ್ತು" ಎಂದಿದ್ದಳಂತೆ.

ಮಗ್ಗಗಳು ಓಡುವಾಗ ಶೆಡ್ಡಿನಲ್ಲಿ ಮಾತೆಂಬುದಿಲ್ಲ. ಕೂಗಿದರೂ ಕೇಳಿಸದು. ನೀರು ಬೇಕೆಂದರೆ ಹೆಬ್ಬೆರಳು, ಮಾಲೀಕ ಬಂದನೆಂದರೆ ಹುಬ್ಬು. ಇಷ್ಟರಲ್ಲೇ ದಿನ ಕಳೆಯುತ್ತದೆ. ಬಾಯಿ ಬಿಚ್ಚುವುದು ಕರೆಂಟು ಹೋದಾಗ. ಅದು ಯಾವಾಗ ಹೋಗುತ್ತದೆಂದು ಹೇಳುವವರಿಲ್ಲ, ಯಾವಾಗ ಬರುತ್ತದೆಂದು ಕೇಳುವಂತಿಲ್ಲ. ಹಾಗಾಗಿ ಅಲ್ಲಿ ಕತೆ ಹೇಳುವವನು ಜೂಜಾಡುವವನಿದ್ದಂತೆ. ಬಲ್ಬು ಹತ್ತಿತೆಂದರೆ ಹೇಳುತ್ತಿದ್ದವನೇ ಮೊದಲು ಎದ್ದು ಮಗ್ಗಕ್ಕೆ ಓಡುತ್ತಾನೆ, ಏಕೆಂದರೆ ಕೂಲಿ ಸಿಗುವುದು ಸೀರೆಗೆ, ಕತೆಗಲ್ಲ. ಅರ್ಧಕ್ಕೆ ನಿಂತದ್ದನ್ನು ಮುಂದಿನ ಸಲ ಎತ್ತಿಕೊಳ್ಳುವ ಪದ್ಧತಿಯೂ ಇಲ್ಲ. ಮುಗಿದರೆ ಮುಗಿಯಿತು, ಇಲ್ಲದಿದ್ದರೆ ಸತ್ತಿತು. ಎಲ್ಲರ ಜೇಬಿನಲ್ಲೂ ಮೊಬೈಲು ಬಂದ ಮೇಲೂ ಈ ರೂಢಿ ನಿಂತಿಲ್ಲ. ಕದಿರಮ್ಮ ಯಾರನ್ನಾದರೂ ಕತ್ತರಿಸುವುದನ್ನು ನೋಡುವುದರಲ್ಲಿ ಇರುವ ಸುಖ ಮೊಬೈಲಿನಲ್ಲಿ ಇರಲಿಲ್ಲ.

ಆಕೆಯ ಎರಡೂ ಕಿವಿಗಳಲ್ಲಿ ಸದಾ ಹತ್ತಿ. ಕರೆಂಟು ಹೋದೊಡನೆ ಎಡಗಿವಿಯ ಹತ್ತಿಯನ್ನು ಮಾತ್ರ ತೆಗೆದು ಸೆರಗಿನ ತುದಿಗೆ ಸಿಕ್ಕಿಸಿಕೊಳ್ಳುವಳು. ಬಲಗಿವಿಯದು ಇದ್ದಲ್ಲೇ ಇರುತ್ತಿತ್ತು. "ಅದನ್ನೂ ತೆಗಿಯಕ್ಕ" ಎಂದರೆ, "ನಿಮ್ ಕತೆಗಳಿಗೆ ಒಂದು ಕಿವಿ ಸಾಕು. ಎರಡೂ ತೆಗಿಯೋವಂಥದ್ದು ಬಂದಾಗ ನೋಡೋಣ" ಎನ್ನುವಳು.

ಹೊಸದಾಗಿ ಮದುವೆಯಾಗಿದ್ದ ಪಕ್ಕದ ಮಗ್ಗದ ಮುನಿಕೃಷ್ಣ ಒಮ್ಮೆ ಹುರುಪಿನಿಂದ ಶುರುಮಾಡಿದ. "ಬೆಳಗಿನ ಜಾವಕ್ಕೇ ಬೈಕ್ ಎತ್ಕೊಂಡು ಇಬ್ರೂ ನಂದಿಬೆಟ್ಟಕ್ಕೆ ಹೋದ್ವಿ ಗುರು. ಮಂಜು ಅಂದ್ರೆ ಮಂಜು! ಮುಂದಿನ ಗಾಡಿ ಕಾಣ್ತಿರ್ಲಿಲ್ಲ. ಮೇಲೆ ನಿಂತ್ಕೊಂಡ್ರೆ ಕೈಗೇ ಸಿಗೋ ಹಂಗೆ ಮೋಡ. ಆಮೇಲೆ ಬೋಂಡ ತಿಂದು ವಾಪಸ್ ಬಂದ್ವಿ."

"ಹೋದವನೇ ವಾಪಸ್ ಬಂದ್ಯಾ, ಬೇರೆ ಯಾರಾದ್ರೂ ಬಂದ್ರಾ?" ಎಂದಳು ಕದಿರಮ್ಮ.

"ನಾನೇ ಕಣಕ್ಕ ಬಂದಿದ್ದು!"

"ಹೋದವನೇ ಬಂದ ಮೇಲೆ ಕತೆ ಎಲ್ಲಾಯ್ತು? ಪೆಟ್ರೋಲ್ ಖರ್ಚಾಯ್ತು."

ಪಿಳ್ಳಣ್ಣ ತನ್ನ ಬೀದಿಯ ಮುನಿರಾಮಯ್ಯನ ಕತೆ ಹೇಳಿದ. ಹೈಕೋರ್ಟಿನವರೆಗೂ ಹೋಗಿ ಒಂದು ಮೋರಿಯ ಮೇಲೆ ವ್ಯಾಜ್ಯ ಹೂಡಿದ ಮುದುಕ. ವ್ಯಾಜ್ಯ ಎಳೆದು ಎಳೆದು, ಪಿಳ್ಳಣ್ಣನಿಗೂ ದಾರಿ ತಪ್ಪಿ, ಕರೆಂಟು ಬಂದುಬಿಟ್ಟೀತೆಂಬ ಭಯಕ್ಕೆ, "ಕೊನೇಗೆ ಸತ್ತೋದ" ಎಂದು ಮುಗಿಸಿದ.

"ಸತ್ತಿದ್ದು ಅವನು. ಮುಗಿಸ್ಬೇಕಾಗಿದ್ದು ನೀನು. ನಿನ್ ಕೆಲಸಾನ ಪಾಪ ಅವನ ಮೇಲೆ ಹಾಕ್ತೀಯಲ್ಲ."

ಇನ್ನು ಚಿರತೆಯ ಪ್ರಸಂಗವಂತೂ ಶೆಡ್ಡಿನ ಇತಿಹಾಸದಲ್ಲಿ ಉಳಿದಿದೆ. ನೆಲಮಂಗಲದ ಕಡೆಯಿಂದ ಬರುವಾಗ ಪಿಳ್ಳಣ್ಣ ಚಿರತೆ ನೋಡಿದ್ದ, ಅಥವಾ ನೋಡಿದೆನೆಂದು ನಂಬಿದ್ದ. ಅದು ಅವನನ್ನು ನೋಡಿತು, ಇವನು ಅದನ್ನು ನೋಡಿದ. ಉಸಿರು ಹಿಡಿದು ಹೇಳುತ್ತಿದ್ದವನನ್ನು ಕದಿರಮ್ಮ ತಡೆದಳು. "ಚಿರತೆಗೆ ಏನು ಬೇಕಿತ್ತು?"

"ಏನಿಲ್ಲ. ಸುಮ್ನೆ ನಿಂತಿತ್ತು."

"ನಿಂಗೇನು ಬೇಕಿತ್ತು?"

"ನಂಗೇನು ಬೇಕಕ್ಕ? ಮನೆಗೆ ಹೋಗ್ತಿದ್ದೆ."

"ಇಬ್ಬರಿಗೂ ಏನೂ ಬೇಡ ಅಂದ್ಮೇಲೆ ಒಬ್ಬರಿಗೊಬ್ಬರು ದಾರಿ ಬಿಟ್ಕೊಂಡು ಹೋಗ್ಬೇಕಪ್ಪ. ನಮ್ಮನ್ಯಾಕೆ ಹಿಡ್ಕೊಂಡು ಕೂತಿದೀರ?"

ಆ ಜಗಳದಲ್ಲಿ ಪಿಳ್ಳಣ್ಣ ನೇಕಾರರು ಮಾತ್ರ ಮಾಡಬಹುದಾದ ತಪ್ಪೊಂದನ್ನು ಮಾಡಿದ. ಕರೆಂಟು ಹೋದಾಗ ಮಗ್ಗದ ಸ್ವಿಚ್ಚನ್ನು ಮೊದಲು ಆರಿಸಬೇಕು. ಚಿರತೆಯ ಅವಸರದಲ್ಲಿ ಅವನು ಕುಂಟು ಮಗ್ಗದ್ದನ್ನು ಮರೆತಿದ್ದ. ಕರೆಂಟು ಬಂದದ್ದೇ ತಡ, ಮಗ್ಗ ತಾನೇ ಹೊರಟಿತು. ಲಾಳಿ ಮಧ್ಯದಲ್ಲೇ ಸಿಕ್ಕಿಕೊಂಡು ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಪಟಪಟನೆ ಹರಿದವು. ಮಾರನೆಯ ದಿನವೆಲ್ಲ ಅವನು ಕೂತು ಒಂದೊಂದೇ ಎಳೆ ಕೂಡಿಸಬೇಕಾಯಿತು. ಹರಿದ ಹಾಸನ್ನು ನೋಡಿ ಕದಿರಮ್ಮ ಹೇಳಿದ್ದಿಷ್ಟು: "ಇವತ್ತೊಂದು ಕತೆ ಆಯ್ತು ನೋಡು. ಚಿರತೆ ಇಲ್ದೇನೇ."

ಪಿಳ್ಳಣ್ಣನಿಗೆ ಇದರಿಂದೆಲ್ಲ ನೋವಾಗುತ್ತಿರಲಿಲ್ಲವೆಂದಲ್ಲ. ಅವನಿಗೆ ಬೇಕಿದ್ದುದು ಸಣ್ಣದೊಂದು ಮಾತು. ಕತೆ ಕೇಳುವವರು ಸಹಜವಾಗಿ ಅನ್ನುವ "ಆಮೇಲೆ?" ಮುನಿಕೃಷ್ಣ ಅನ್ನುತ್ತಿದ್ದ, ಆದರೆ ಬಸ್ಸಿನ ವೇಳಾಪಟ್ಟಿ ಓದಿ ಹೇಳಿದರೂ ಅನ್ನುವವನು ಅವನು. ಮನೆಯಲ್ಲಿ ಹೆಂಡತಿ ಅನ್ನುತ್ತಿದ್ದುದು "ಆಯ್ತಾ?" ಎಂದು. ಕದಿರಮ್ಮನ ಬಾಯಲ್ಲಿ ಆ ಒಂದು ಮಾತು ಬಂದದ್ದನ್ನು ಶೆಡ್ಡಿನಲ್ಲಿ ಯಾರೂ ಕೇಳಿರಲಿಲ್ಲ.

ಕರುಣೆಯ ವಿಷಯಕ್ಕೆ ಬಂದರೆ ಅದಕ್ಕೂ ಸಾಕ್ಷಿಯಿತ್ತು. ಒಮ್ಮೆ ಮಗಳಿಗೆ ಜ್ವರವೆಂದು ಶಾಲೆಯಿಂದ ಫೋನು ಬಂದಾಗ ಪಿಳ್ಳಣ್ಣ, "ಒಂದು ಗಂಟೆ ನನ್ನ ಮಗ್ಗ ನೋಡ್ಕೊಳ್ಳಕ್ಕ, ಹೋಗ್ಬಂದ್ಬಿಡ್ತೀನಿ" ಎಂದು ಸನ್ನೆಯಲ್ಲೇ ಬೇಡಿದ್ದ. ಕದಿರಮ್ಮ ಹತ್ತಿ ತೆಗೆದು, "ನಾನು ಕಂಡಿಕೆಯವಳು. ನಿನ್ ಮಗ್ಗ ನಿನ್ ಹಣೆಬರಹ" ಎಂದು ಅವನ ಕಿವಿಗೇ ಕೂಗಿ, ಹತ್ತಿ ಮತ್ತೆ ಇಟ್ಟುಕೊಂಡಿದ್ದಳು. ಮಗ್ಗ ನಿಲ್ಲಿಸಿಯೇ ಅವನು ಹೋಗಿದ್ದ.

ಇಂಥವಳ ಎದುರಿಗೆ, ಮದುವೆಯ ಹಂಗಾಮಿನ ಒಂದು ಮಧ್ಯಾಹ್ನ, ಪಿಳ್ಳಣ್ಣ ಕತೆಯೆಂದುಕೊಳ್ಳದೆಯೇ ಒಂದು ಸಂಗತಿ ಹೇಳತೊಡಗಿದ.

ಮೂರೂವರೆಯ ಸುಮಾರಿಗೆ ಬಸ್ ಸ್ಟ್ಯಾಂಡಿನ ಕಡೆ ಟೀ ಕುಡಿಯಲು ಹೋಗಿದ್ದವನು ಮುಖ ಗಂಟುಹಾಕಿಕೊಂಡು ಬಂದಿದ್ದ. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಎಲ್ಲರೂ ಸ್ವಿಚ್ಚು ಆರಿಸಿ ಕೂತರು. ತಗಡಿನ ಸೂರಿನ ಕೆಳಗೆ ಮಬ್ಬು ಬೆಳಕು.

"ಏನ್ ಪಿಳ್ಳಣ್ಣ, ಮುಖ ಊದ್ಕೊಂಡಿದೆ? ಚಿರತೆ ಮತ್ತೆ ಸಿಕ್ತಾ?" ಎಂದ ಮುನಿಕೃಷ್ಣ.

"ನಮ್ ಭಾವ ಸಿಕ್ಕಿದ್ದ."

"ಯಾವ ಭಾವ?"

"ಇರೋದೊಬ್ನೇ ಭಾವ ಕಣೋ. ನಮ್ಮಕ್ಕ ಮುನಿತಾಯಮ್ಮನ ಗಂಡ. ಅಪ್ಪಯ್ಯಣ್ಣ. ಹೊಸಕೋಟೆ ಕಡೆ ಅನುಗೊಂಡನಹಳ್ಳಿಯೋನು."

"ಮಾತಾಡ್ಸಲ್ಲ ಅಂತಿದ್ದೆ?"

"ನಾನಲ್ಲ, ಅವನು ಮಾತಾಡ್ಸಲ್ಲ. ಮನೆ ಕಟ್ಟಿ ಗೃಹಪ್ರವೇಶ ಮಾಡ್ದಾಗಿಂದ."

ಕದಿರಮ್ಮ ಎಡಗಿವಿಯ ಹತ್ತಿ ತೆಗೆದು ಸೆರಗಿಗೆ ಸಿಕ್ಕಿಸಿದಳು. "ಯಾಕೆ? ಮನೆ ಚೆನ್ನಾಗಿಲ್ಲ ಅಂದ್ಯಾ?"

"ಛೆ! ಒಂದು ಕತೆ ಹೇಳ್ದೆ ಅಷ್ಟೆ."

"ಅಯ್ಯೋ, ಅಲ್ಲೂ ಹೇಳ್ಬಿಟ್ಯಾ" ಎಂದಳು ಕದಿರಮ್ಮ, ಅಪ್ಪಯ್ಯಣ್ಣನ ಪರವಾಗಿ.

ಆ ಕತೆ ಇದು. ಎಷ್ಟೋ ವರ್ಷದ ಹಿಂದೆ ಅಪ್ಪಯ್ಯಣ್ಣ ಹೆಣ್ಣು ನೋಡಲೆಂದು ಇವರ ಊರಿಗೆ ಬಂದಾಗ ಮನೆ ತಪ್ಪಿ ಪಕ್ಕದ ಬೀದಿಯ ಬೇರೊಂದು ಮನೆಗೆ ನುಗ್ಗಿದ್ದ. ಅಲ್ಲಿ ನಾಮಕರಣ. ಅಲ್ಲೇ ಚಾಪೆಯ ಮೇಲೆ ಕೂತು, ಎರಡು ಪ್ಲೇಟ್ ಉಪ್ಪಿಟ್ಟು ತಿಂದು, ಮೂತಿ ಒರೆಸಿಕೊಂಡು, "ಹುಡುಗಿ ಒಪ್ಪಿಗೆ" ಎಂದನಂತೆ. ತೊಟ್ಟಿಲಲ್ಲಿದ್ದ ಹುಡುಗಿಗೆ ಹನ್ನೊಂದು ದಿನ. ಗೃಹಪ್ರವೇಶದ ಪಂಕ್ತಿಯಲ್ಲಿ ಪಿಳ್ಳಣ್ಣ ಇದನ್ನು ಹೇಳಿದಾಗ ಇಡೀ ಸಾಲು ನಕ್ಕಿತು. ಹೊಸ ಬಿಳಿ ಅಂಗಿ ತೊಟ್ಟು ಬಡಿಸಿಕೊಂಡು ಓಡಾಡುತ್ತಿದ್ದ ಅಪ್ಪಯ್ಯಣ್ಣ ಸಾಂಬಾರಿನ ಬಕೆಟ್ಟನ್ನು ನೆಲಕ್ಕಿಟ್ಟು, "ಇನ್ಮೇಲೆ ಈ ಹೊಸ್ತಿಲು ತುಳೀಬೇಡ" ಎಂದ. ಅಂದಿನಿಂದ ಪಿಳ್ಳಣ್ಣ ತುಳಿದಿರಲಿಲ್ಲ.

"ನಿಜಕ್ಕೂ ತಿಂದಿದ್ನಾ ಉಪ್ಪಿಟ್ಟು?" ಎಂದಳು ಕದಿರಮ್ಮ.

"ಇಲ್ಲ. ನೀರು ಕೇಳಿದ್ದ. ಅಷ್ಟ್ರಲ್ಲಿ ಗೊತ್ತಾಗಿ ಎದ್ಬಂದಿದ್ದ."

"ಮತ್ತೆ ಉಪ್ಪಿಟ್ಟು ಎಲ್ಲಿಂದ ಬಂತು?"

"ಬರೀ ನೀರಿಗೆ ಯಾರು ನಗ್ತಾರಕ್ಕ?" ಪಿಳ್ಳಣ್ಣನ ದನಿಯಲ್ಲಿ ಪಶ್ಚಾತ್ತಾಪದ ಸುಳಿವೂ ಇರಲಿಲ್ಲ. "ಒಂದು ಪ್ಲೇಟಾದ್ರೂ ಬೇಕಲ್ವಾ?"

"ಎರಡು ಅಂದೆ."

"ಎರಡಾದ್ರೇನೇ ಅದು ಕತೆ."

ಕದಿರಮ್ಮ ಇದನ್ನು ಕತ್ತರಿಸಲಿಲ್ಲ. ಅದರಲ್ಲಿ ಸ್ವಲ್ಪ ಹುರುಳಿದೆಯೆಂದು ಆಕೆಗೂ ಅನ್ನಿಸಿರಬೇಕು. "ಸರಿ, ಇವತ್ತೇನಾಯ್ತು? ಬೇಗ ಹೇಳು, ಕರೆಂಟ್ ಬಂದ್ಬಿಡುತ್ತೆ."

ಪಿಳ್ಳಣ್ಣ ಎಡಗೈ ಹೆಬ್ಬೆರಳನ್ನು ಉಜ್ಜಿಕೊಳ್ಳುತ್ತ ಹೇಳಿದ. "ಮುಂದಿನ ವಾರ ಅಕ್ಷತನ ಮದುವೆಯಂತೆ. ನಮ್ಮಕ್ಕನ ಮಗಳು. ಸೀರೆ ತಗೊಳ್ಳೋಕೆ ಬಂದಿದ್ದ ಅನ್ಸುತ್ತೆ, ಕೈತುಂಬಾ ಚೀಲ. ನಾನು ಮಹಬೂಬ್ ಅಂಗಡಿ ಬೆಂಚಲ್ಲಿ ಟೀ ಕುಡೀತಿದ್ದೆ. ಬಂದು ಅದೇ ಬೆಂಚಲ್ಲೇ ಆ ಕಡೆ ತುದೀಲಿ ಕೂತ್ಕೊಂಡ. ನನ್ ಮುಖ ನೋಡ್ಲಿಲ್ಲ. ಮಹಬೂಬ್‌ಗೆ ಹೇಳ್ತಾನೆ: 'ಭಾಯ್, ಮುಂದಿನ ವಾರ ನನ್ ಮಗಳ ಮದುವೆ. ನಮ್ಮಲ್ಲಿ ಹುಡುಗೀನ ಸೋದರಮಾವನೇ ಕೈ ಹಿಡ್ಕೊಂಡು ಮಂಟಪಕ್ಕೆ ಕರ್ಕೊಂಡು ಬರ್ಬೇಕು.'"

"ಮಹಬೂಬ್‌ಗ್ಯಾಕೆ ಹೇಳ್ದ?" ಎಂದ ಮುನಿಕೃಷ್ಣ.

"ಅದನ್ನೇ ಅವನೂ ಕೇಳ್ದ! 'ನನಗೆ ಹೇಳ್ತಿದ್ದೀರಾ ಸಾಬ್?' ಅಂದ. 'ನಿಮಗೇ ಭಾಯ್, ಇನ್ಯಾರಿದ್ದಾರೆ ಇಲ್ಲಿ?' ಅಂದ ಇವನು. 'ಸೋದರಮಾವ ಬರ್ದೇ ಇದ್ರೆ ಕೆಂಪರಾಜನ ಕೈಲಿ ಮಾಡಿಸ್ತೀವಿ' ಅಂದ. ಕೆಂಪರಾಜ ಯಾರು ಗೊತ್ತಾ? ನಮ್ ಚಿಕ್ಕಪ್ಪನ ಮಗ. ಮನೆಯೊಳಗೂ ಕೂಲಿಂಗ್ ಗ್ಲಾಸ್ ಹಾಕ್ಕೊಂಡಿರ್ತಾನೆ. ಅವನು ಕೈ ಹಿಡ್ಕೊಂಡು ಹೋದ್ರೆ ಮಂಟಪ ಸಿಗಲ್ಲ, ಅಡಿಗೆ ಮನೆಗೆ ಕರ್ಕೊಂಡು ಹೋಗ್ತಾನೆ."

ಯಾರೂ ನಗಲಿಲ್ಲ, ಏಕೆಂದರೆ ಪಿಳ್ಳಣ್ಣ ನಗಿಸಲು ಹೇಳಿರಲಿಲ್ಲ. ಅಕ್ಷತಳಿಗೆ ಕಿವಿ ಚುಚ್ಚಿಸಿದಾಗ ಸೋದರಮಾವನಾಗಿ ತೊಡೆಯ ಮೇಲೆ ಕೂರಿಸಿಕೊಂಡವನು ಅವನು. ನೋವಿಗೆ ಆ ಮಗು ಅವನ ಹೆಬ್ಬೆರಳು ಕಚ್ಚಿ ಹಿಡಿದಿತ್ತು. ಅದೇ ಬೆರಳನ್ನು ಈಗ ಉಜ್ಜಿಕೊಳ್ಳುತ್ತಿದ್ದ.

"ನೀನೇನಂದೆ?" ಎಂದಳು ಕದಿರಮ್ಮ.

"ನಾನೂ ಮಹಬೂಬ್‌ಗೇ ಹೇಳ್ದೆ. 'ಭಾಯ್, ಬಾಯಿಬಿಟ್ಟು ಕರೀದೆ ಯಾರೂ ಯಾರ ಮನೆಗೂ ಹೋಗಲ್ಲ ಅಂತ ಹೇಳಿ ಅವರಿಗೆ' ಅಂದೆ. 'ಪಕ್ಕದಲ್ಲೇ ಇದಾರಲ್ಲ, ನೀವೇ ಹೇಳ್ರೀ, ನನ್ ಹಾಲು ಉಕ್ತಿದೆ' ಅಂದ ಅವನು. ಆಮೇಲೆ ಭಾವ ಅಂತಾನೆ, 'ಭಾಯ್, ಹೊಸಕೋಟೆ ಕಡೆ ಬಸ್ ಐದು ಗಂಟೆಗೆ. ಅಲ್ಲೀವರ್ಗೂ ನಾನು ಇಲ್ಲೇ ಇರ್ತೀನಿ' ಅಂತ."

ಕದಿರಮ್ಮನ ಕೈ ಬಲಗಿವಿಯ ಕಡೆ ಹೋಯಿತು. ತುರಿಕೆಯಿರಬೇಕೆಂದು ಮುನಿಕೃಷ್ಣ ಅಂದುಕೊಂಡ. ಆಕೆ ಆ ಹತ್ತಿಯನ್ನೂ ತೆಗೆದು ಸೆರಗಿಗೆ ಸಿಕ್ಕಿಸಿಕೊಂಡಳು. ಪಿಳ್ಳಣ್ಣ ಅದನ್ನು ಗಮನಿಸಲಿಲ್ಲ. ಅವನ ಕಣ್ಣು ನೆಲದ ಮೇಲಿತ್ತು.

"ಇಷ್ಟಾಗಿದ್ರೆ ಬಿಡ್ತಿದ್ದೆ ಕಣಕ್ಕ. ಅದಾದ್ಮೇಲೆ ಏನ್ ಮಾಡ್ದ ಗೊತ್ತಾ? ಬೇಕೂಂತ, ನನಗೆ ಕೇಳೋ ಹಂಗೆ, 'ಎರಡು ಪ್ಲೇಟ್ ಉಪ್ಪಿಟ್ಟು ಕೊಡಿ' ಅಂದ. ಎರಡು! ಒಬ್ನೇ ಇರೋದು. ಒಂದು ಪ್ಲೇಟ್ ತಿಂದ. ಇನ್ನೊಂದನ್ನ ಬೆಂಚಿನ ಮೇಲೆ, ನಮ್ಮಿಬ್ಬರ ಮಧ್ಯ ತಳ್ಳಿ ಇಟ್ಟು..."

ಬಲ್ಬು ಹತ್ತಿತು.

ಮುನಿಕೃಷ್ಣ ಎದ್ದ. ಪಿಳ್ಳಣ್ಣನೂ ಎದ್ದ, ರೂಢಿ ಅಂಥದು, ಎದೆಯಲ್ಲಿ ಏನಿದ್ದರೂ ಕಾಲು ತಾನಾಗಿ ಮಗ್ಗದ ಕಡೆ ಹೋಗುತ್ತದೆ. ಅಕ್ಕಪಕ್ಕದ ಶೆಡ್ಡುಗಳಲ್ಲಿ ಮಗ್ಗಗಳು ಬಡಿಯತೊಡಗಿದವು. ಪಿಳ್ಳಣ್ಣ ಕುಂಟು ಮಗ್ಗದ ಸ್ವಿಚ್ಚಿಗೆ ಕೈಯಿಟ್ಟ. ಅಷ್ಟರಲ್ಲಿ ಬಲ್ಬು ಆರಿತು.

"ಮತ್ತೆ ಹೋಯ್ತಾ?" ಎಂದ ಮುನಿಕೃಷ್ಣ.

ಹೋಗಿರಲಿಲ್ಲ. ಪಕ್ಕದ ಶೆಡ್ಡಿನ ಸದ್ದು ಗೋಡೆ ಅದುರುವಂತೆ ಕೇಳುತ್ತಲೇ ಇತ್ತು. ಇಬ್ಬರೂ ತಿರುಗಿ ನೋಡಿದರು. ಬಾಗಿಲ ಪಕ್ಕದ ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಕ್ಕೆಳೆದು, ಅದರ ಮೇಲೆ ಕೈಯಿಟ್ಟುಕೊಂಡೇ ಕದಿರಮ್ಮ ನಿಂತಿದ್ದಳು.

"ಆಮೇಲೆ?" ಎಂದಳು.

ಇಷ್ಟು ವರ್ಷ ಕಾದಿದ್ದ ಮಾತು ಬಂದಾಗ ಪಿಳ್ಳಣ್ಣನ ಹತ್ತಿರ ಕೊಡಲು ಏನೂ ಇರಲಿಲ್ಲ. "ಆಮೇಲೇನಿಲ್ಲ ಕಣಕ್ಕ. ಹಂಗಿಸ್ತಿದಾನೆ ಅಂತ ಸಿಟ್ಟು ಬಂತು. ಎದ್ಬಂದ್ಬಿಟ್ಟೆ."

"ಪ್ಲೇಟು?"

"ಅಲ್ಲೇ ಇತ್ತು."

"ಅವನು ಅದನ್ನೂ ತಿಂದ್ನಾ?"

"ತಿಂತಾ ಇರ್ಲಿಲ್ಲ. ಸುಮ್ನೆ ಕೂತಿದ್ದ."

"ಹಂಗಿಸೋನು ಎರಡನ್ನೂ ತಿಂದು ತೋರಿಸ್ತಾನೆ. ನಿಂಗೆ ಇಷ್ಟೂ ಗೊತ್ತಾಗಲ್ವಲ್ಲೋ, ಕತೆ ಕಟ್ಟೋನೇ! ಟೀ ಅಂಗಡಿಯೋನಿಗೆ ಬಸ್ ಟೈಮ್ ಯಾಕೆ ಹೇಳ್ತಾರೆ? ಮಹಬೂಬ್ ಹೊಸಕೋಟೆಗೆ ಹೋಗ್ಬೇಕಾ?"

"ಬಾಯಿಬಿಟ್ಟು ಕರೀಲಿಲ್ಲವಲ್ಲಕ್ಕ."

"ನೀನು ಬಾಯಿಬಿಟ್ಟು ಏನ್ ಮಾಡಿದ್ದೆ ಅಂತ ಅವನಿಗೆ ಗೊತ್ತಲ್ಲ, ಅದಕ್ಕೆ ಅವನು ಬಾಯಿ ಬಿಟ್ಟಿಲ್ಲ."

ಶೆಡ್ಡಿಗೆ ಅಂಟಿಕೊಂಡ ಮನೆಯಿಂದ ಮಾಲೀಕ ಉಮಾಶಂಕರನ ಕೂಗು ಬಂತು. "ಯಾಕ್ರಪ್ಪಾ ನಿಲ್ಸಿದೀರಾ? ಊರಿಗೆಲ್ಲ ಕರೆಂಟ್ ಬಂದಿದೆ!"

"ಫ್ಯೂಸ್ ಹೋಗಿದೆ!" ಎಂದು ಕದಿರಮ್ಮ ಕೂಗಿ ಹೇಳಿದಳು, ಒಂದು ಕ್ಷಣವೂ ತಡೆಯದೆ. "ನೋಡ್ತಿದೀವಿ!"

ಮುನಿಕೃಷ್ಣ ಬಾಯಿ ತೆರೆದುಕೊಂಡು ನಿಂತ. ಒಂದು ಪ್ಲೇಟ್ ಉಪ್ಪಿಟ್ಟಿನ ಸುಳ್ಳನ್ನೂ ಒಪ್ಪದ ಹೆಂಗಸು ಈಕೆ.

ಕದಿರಮ್ಮ ಪಿಳ್ಳಣ್ಣನ ಕಡೆ ತಿರುಗಿದಳು. "ಇದು ಇನ್ನೂ ಕತೆ ಆಗಿಲ್ಲ ಕಣಯ್ಯ. ಮಧ್ಯದಲ್ಲಿ ಬಿಟ್ಟು ಬಂದಿದೀಯ. ಗಂಟೆ ಎಷ್ಟು?"

"ನಾಲ್ಕೂವರೆ ಆಗ್ತಾ ಬಂತು," ಎಂದ ಮುನಿಕೃಷ್ಣ, ಮೊಬೈಲು ನೋಡಿ.

"ಹೋಗಿ ಮುಗಿಸ್ಕೊಂಡು ಬಾ."

"ಮಗ್ಗ?" ಎಂದ ಪಿಳ್ಳಣ್ಣ. "ಸೀರೆ ನಾಳೆಗೆ ಇಳೀಬೇಕು. ನಿಲ್ಸಿ ಹೋದ್ರೆ ಉಮಾಶಂಕರ..."

ಕದಿರಮ್ಮ ಬಾಗಿಲ ಬಳಿ ಬಿದ್ದಿದ್ದ ಚಪ್ಪಲಿಗಳಲ್ಲಿ ಅವನ ಜೊತೆಯನ್ನು ಕಾಲಿನಿಂದ ಅವನತ್ತ ಸರಿಸಿದಳು. "ಉಪ್ಪಿಟ್ಟು ಇನ್ನೂ ಅಲ್ಲೇ ಇದ್ರೆ ತಿನ್ನು. ಇಲ್ದೇ ಇದ್ರೆ ಬಂದು ಹೇಳೋವಾಗ ಸೇರಿಸ್ಬೇಡ." ಇಷ್ಟು ಹೇಳಿ ಎರಡೂ ಕಿವಿಗಳಿಗೆ ಹತ್ತಿ ತುರುಕಿಕೊಂಡಳು. ಇನ್ನು ಮಾತಾಡಿ ಪ್ರಯೋಜನವಿರಲಿಲ್ಲ.

ಪಿಳ್ಳಣ್ಣ ಚಪ್ಪಲಿ ಮೆಟ್ಟಿ ಹೊರಟ. ಗಲ್ಲಿಯ ಎರಡೂ ಬದಿ ಮಗ್ಗಗಳ ಸದ್ದು. ಅವುಗಳ ನಡುವೆ ತನ್ನ ಶೆಡ್ಡಿನ ಮೌನ ಅವನ ಬೆನ್ನಿಗೆ ತಾಗುತ್ತಿತ್ತು. ಉಮಾಶಂಕರ ಏನನ್ನುತ್ತಾನೋ, ಭಾವ ಎದ್ದು ಹೋಗಿದ್ದರೆ ಏನೋ, ಕೂತಿದ್ದರೆ ಮೊದಲ ಮಾತು ಯಾವುದೋ. ಮೊದಲ ಮಾತನ್ನು ಮಹಬೂಬನಿಗೇ ಹೇಳಿದರಾಯಿತೆಂದು ತೀರ್ಮಾನಿಸಿ ಹೆಜ್ಜೆ ಜೋರುಮಾಡಿದ.

ತಿರುವಿನಲ್ಲಿ ಒಂದು ಕ್ಷಣ ನಿಂತ. ಹಿಂದೆ ಶೆಡ್ಡಿನಲ್ಲಿ ಮಗ್ಗಗಳು ಹೊರಟಿದ್ದವು. ಮೊದಲು ಮುನಿಕೃಷ್ಣನವು. ತುಸು ತಡೆದು, ಅವನ ಹೊಸ ಮಗ್ಗ. ಅದರ ಬೆನ್ನಿಗೆ, ಒಂದು ಬಡಿತ ಜೋರು, ಒಂದು ಬಡಿತ ಮೆತ್ತಗೆ, ಅವನ ಕುಂಟು ಮಗ್ಗವೂ ನಡೆಯತೊಡಗಿತು. ಕಂಡಿಕೆ ಯಂತ್ರದ ಕೀಚಲು ಸದ್ದು ಮಾತ್ರ ಎಷ್ಟು ಕಿವಿಗೊಟ್ಟರೂ ಕೇಳಿಸಲಿಲ್ಲ.